ನಿಮಿಷಕ್ಕೆ ಅರವತ್ತು ಪೆಟ್ಟು

ಕನ್ನಡಕದ ಅಂಗಡಿಯವನ ಮನೆಯಲ್ಲಿ ಇಪ್ಪತ್ತಾರು ವರ್ಷ ಬೆಳಗಾಗುತ್ತಿದ್ದುದು ಸದ್ದಿನಿಂದ. ಅವನ ಹೆಂಡತಿ ನೃತ್ಯಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವಳು. ವಾರದ ಕೊನೆಯ ಎರಡು ಸಂಜೆ ಅಲ್ಲಿ ಬಾರಿಸಿದರೆ, ಉಳಿದ ದಿನಗಳಲ್ಲಿ ಬೆಳಗ್ಗೆ ಮನೆಯ ಹಿಂದಿನ ಕೋಣೆಯಲ್ಲಿ ಕೂತು ತಟ್ಟೆಯಗಲದ ರಬ್ಬರ್ ಪ್ಯಾಡಿನ ಮೇಲೆ ಎರಡು ಕೋಲು ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಟಕಟಕ ಟಕಟಕ ಎಂಬ ಆ ಸದ್ದಿಗೆ ಅವನು ಕಣ್ಣು ಬಿಡುತ್ತಿದ್ದ, ಅದರ ಜೊತೆಗೇ ಗಡ್ಡ ಹೆರೆದುಕೊಳ್ಳುತ್ತಿದ್ದ, ಚಹಾಕ್ಕೆ ಇಡುತ್ತಿದ್ದ. ಪೆಟ್ಟುಗಳು ಓಡತೊಡಗಿದವೆಂದರೆ ಚಹಾ ಕುದಿಯುವ ಹೊತ್ತು, ನಿಂತವೆಂದರೆ ಸೋಸುವ ಹೊತ್ತು. ಇಷ್ಟೆಲ್ಲ ಅದರ ಮೇಲೇ ನಡೆಯುತ್ತಿದೆಯೆಂದು ಅವನಿಗೆ ಹೊಳೆದಿರಲೇ ಇಲ್ಲ. ಸ್ವಂತ ಉಸಿರನ್ನು ಯಾರು ಎಣಿಸುತ್ತಾರೆ?

ಆ ಚಳಿಗಾಲದಲ್ಲಿ ನೃತ್ಯಶಾಲೆಯ ಹಿಂಬಾಗಿಲ ಮೆಟ್ಟಿಲು ಒದ್ದೆಯಾಗಿತ್ತು. ಡ್ರಮ್ಮನ್ನು ಎದೆಗವಚಿಕೊಂಡು ಇಳಿಯುತ್ತಿದ್ದವಳು ಜಾರಿದಳು. ಬೇರೆ ಯಾರಾದರೂ ಆಗಿದ್ದರೆ ಡ್ರಮ್ ಬಿಟ್ಟು ತಮ್ಮನ್ನು ತಾವು ಉಳಿಸಿಕೊಳ್ಳುತ್ತಿದ್ದರು. ಇವಳು ಡ್ರಮ್ಮನ್ನು ಉಳಿಸಿದಳು. ಅದಕ್ಕೆ ಒಂದು ಗೀರೂ ಬೀಳಲಿಲ್ಲ, ಇವಳ ಬಲಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, ಕೈಯನ್ನು ದಿನಾ ನಿಧಾನವಾಗಿ ಆಡಿಸುತ್ತಿರಬೇಕು, ಮೊದಲಿನಂತೆ ಆಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಅವರು ತೋರಿಸಿಕೊಟ್ಟ ವ್ಯಾಯಾಮವನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡಿದಳು. ಹಿಂದಿನ ಕೋಣೆಯ ಬಾಗಿಲನ್ನು ಮಾತ್ರ ಮುಚ್ಚಿಬಿಟ್ಟಳು. ಗಂಡ ಒಮ್ಮೆ ಮೆಲ್ಲಗೆ ವಿಷಯ ತೆಗೆದದ್ದಕ್ಕೆ, ಸೊಟ್ಟ ಪೆಟ್ಟು ಕೇಳುವುದಕ್ಕಿಂತ ಕಿವುಡಿಯಾಗುವುದೇ ವಾಸಿ ಎಂದಳು. ಅವನು ಮತ್ತೆ ಎತ್ತಲಿಲ್ಲ.

ಮನೆಯಲ್ಲಿ ಚಹಾ ಉಕ್ಕಿ ಒಲೆಯ ಮೇಲೆ ಸುರಿಯತೊಡಗಿತು. ಅವನ ಗದ್ದದಲ್ಲಿ ವಾರಕ್ಕೆರಡು ಗಾಯ. ಅಂಗಡಿಯಲ್ಲಿ ಲೆನ್ಸಿನ ಅಂಚನ್ನು ಸಾಣೆಗೆ ಹಿಡಿದು ಕೂತವನು ಕೂತಂತೆಯೇ ಎಲ್ಲಿಗೋ ಹೋಗಿಬಿಡುತ್ತಿದ್ದ. ಬರುವಷ್ಟರಲ್ಲಿ ಲೆನ್ಸು ಫ್ರೇಮಿಗಿಂತ ಸಣ್ಣದಾಗಿರುತ್ತಿತ್ತು.

ಒಂದು ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವನು ಆ ಬಾಗಿಲು ತೆಗೆದ. ಕೋಣೆಯಲ್ಲಿ ಪರದೆ ಎಳೆದಿತ್ತು. ಹಳದಿ ಬಟ್ಟೆಯನ್ನು ಹಾದು ಬಂದ ಬೆಳಕು ಜೇನಿನಲ್ಲಿ ಅದ್ದಿದಂತಿತ್ತು, ಅದರಲ್ಲಿ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ಅವನು ಅವಳ ಸ್ಟೂಲಿನ ಮೇಲೆ ಕೂತ. ಕೋಲುಗಳನ್ನು ಎತ್ತಿಕೊಂಡ. ಚಪ್ಪಾಳೆ ತಟ್ಟುವಾಗಲೂ ಪಕ್ಕದವರನ್ನು ನೋಡಿಕೊಂಡು ತಟ್ಟುವ ಮನುಷ್ಯ ಅವನು. ತಾನು ಡ್ರಮ್ ಕಲಿಯಬೇಕೆಂಬ ಆಸೆ ಅವನಿಗೆ ಇರಲಿಲ್ಲ, ಮನೆಗೆ ಒಂದಿಷ್ಟು ಸದ್ದು ಬೇಕಿತ್ತು ಅಷ್ಟೆ. ಟಕ್ ಎನ್ನಿಸಿದ. ಇನ್ನೊಮ್ಮೆ ಟಕ್. ಹಾಗೇ ಕಾಲು ಗಂಟೆ.

ಮರುದಿನವೂ ಬಾರಿಸಿದ, ಅದರ ಮರುದಿನವೂ. ಅವಳು ಕೇಳಿಸಿಕೊಂಡೂ ಕೇಳದವಳಂತೆ ಇದ್ದಳು. ಐದನೆಯ ದಿನ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ರೀ, ಯಾರ ಮನೆ ಬಾಗಿಲು ಬಡೀತಿದೀರಿ?"

"ಅಭ್ಯಾಸ ಮಾಡ್ತಿದೀನಿ."

"ಬಾಗಿಲು ಬಡಿಯೋದಕ್ಕಾದ್ರೂ ಒಂದು ಲಯ ಇರುತ್ತೆ." ಅವಳು ಒಳಗೆ ಬಂದು ಎಡಗೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಕೋಲು ಇದು, ತಿರುಪಲ್ಲ. ಬಿದ್ದು ಕಳೆದುಹೋಗಲ್ಲ. ಯಾಕಿಷ್ಟು ಬಿಗಿಹಿಡಿದಿದೀರಿ?"

ಅವಳು ಹೇಳಿದ್ದು ನಿಜವೇ. ಮೂವತ್ತು ವರ್ಷದಿಂದ ಅವನು ಎಳ್ಳುಕಾಳಿನಷ್ಟು ತಿರುಪುಗಳನ್ನು ಚಿಮುಟದಲ್ಲಿ ಹಿಡಿದು ಕನ್ನಡಕದ ಕಡ್ಡಿಗಳಿಗೆ ಕೂರಿಸುತ್ತ ಬಂದವನು. ಹಿಡಿದದ್ದನ್ನು ಬಿಡಬಾರದೆಂಬುದೇ ಅವನ ಕೈ ಕಲಿತ ವಿದ್ಯೆ. ಅವಳು ಕಲಿಸಿದ ಮೊದಲ ಪಾಠ ಇದಕ್ಕೆ ತೀರಾ ಉಲ್ಟಾ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕೋಲು ತಕ್ಕಡಿಯಂತೆ ತೂಗಬೇಕು, ಉಳಿದ ಮೂರು ಬೆರಳು ಸುಮ್ಮನೆ ಅದರ ಮೈಗೆ ತಾಗಿರಬೇಕು. ಎತ್ತಿ ಬಿಟ್ಟರೆ ಅದು ತಾನೇ ಬೀಳಬೇಕು, ಬಿದ್ದದ್ದು ತಾನೇ ಪುಟಿದು ಮೇಲೆ ಬರಬೇಕು.

"ಕೋಲಿಗೆ ಮೇಲೇಳೋಕೆ ಬರುತ್ತೆ. ನೀವು ಅಡ್ಡ ಬರಬೇಡಿ, ಸಾಕು," ಎಂದಳು.

ಅಡ್ಡ ಬರದಿರುವುದನ್ನು ಕಲಿಯಲಿಕ್ಕೇ ಅವನಿಗೆ ಮೂರು ವಾರ ಹಿಡಿಯಿತು. ಬೀಳಿಸುವುದು, ಪುಟಿಯುವುದನ್ನು ನೋಡುವುದು, ಮತ್ತೆ ಬೀಳಿಸುವುದು. ಅವಳು ಕಪಾಟಿನಿಂದ ಕೀಲಿ ಕೊಡುವ ಹಳೆಯ ಮೆಟ್ರೊನೋಮ್ ತೆಗೆದಿಟ್ಟಳು. ಎತ್ತರದ ಮರದ ಪೆಟ್ಟಿಗೆ, ಮುಂದೆ ಆಚೀಚೆ ತೂಗುವ ಒಂದು ಕಡ್ಡಿ. ಕಡ್ಡಿಯ ಮೇಲಿನ ಬಿಲ್ಲೆಯನ್ನು ಕೆಳಗೆ ಜರುಗಿಸಿದರೆ ಓಟ, ಮೇಲೆ ಜರುಗಿಸಿದರೆ ನಡಿಗೆ. ನಿಮಿಷಕ್ಕೆ ಅರವತ್ತು ಟಿಕ್ಕಿಗೆ ಇಟ್ಟು, ಒಂದು ಟಿಕ್ಕಿಗೆ ಒಂದೇ ಪೆಟ್ಟು, ಬಲಗೈ ಆದಮೇಲೆ ಎಡಗೈ, ಎರಡೂ ಒಬ್ಬ ತಾಯಿಯ ಮಕ್ಕಳ ಹಾಗೆ ಕೇಳಿಸಬೇಕು ಎಂದಳು.

ಗಂಡಸಿಗೆ ಆತುರ. ಅವಳು ತರಕಾರಿ ತರಲು ಹೋದ ದಿನ ಬಿಲ್ಲೆಯನ್ನು ನೂರಕ್ಕೆ ಇಳಿಸಿ, ಒಂದು ಟಿಕ್ಕಿಗೆ ನಾಲ್ಕು ಪೆಟ್ಟಿನಂತೆ ಹಾಕಿ ನೋಡಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಭುಜ ಕಿವಿಯ ಹತ್ತಿರಕ್ಕೆ ಬಂತು, ಮುಂಗೈ ಕಬ್ಬಿಣವಾಯಿತು. ಸಂಜೆ ಅಂಗಡಿಯಲ್ಲಿ ಕೈ ನಡುಗಿ ಗಿರಾಕಿಯ ಕನ್ನಡಕದ ತಿರುಪು ಗಲ್ಲಾಪೆಟ್ಟಿಗೆಯ ಸಂದಿಗೆ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕಿದರು. ಕನ್ನಡಕವಿಲ್ಲದ ಗಿರಾಕಿ ಒಂದು ಸತ್ತ ಇರುವೆಯನ್ನು ಹೆಕ್ಕಿ, ಸಿಕ್ಕಿತು ಎಂದು ಸಂತೋಷದಿಂದ ಕೊಟ್ಟ.

ಅದಾದ ಮೇಲೆ ಅವನು ಅರವತ್ತನ್ನು ಬಿಡಲಿಲ್ಲ. ಬಿಡದಿದ್ದುದಕ್ಕೆ ಒಂದು ವಿಚಿತ್ರ ಫಲವೂ ಸಿಕ್ಕಿತು. ಮೊದಲ ಐದು ನಿಮಿಷ ಬೇಸರ, ಹತ್ತನೆಯ ನಿಮಿಷಕ್ಕೆ ತೂಕಡಿಕೆ, ಅದನ್ನು ದಾಟಿದರೆ ಆಚೆ ಕಡೆ ಏನೋ ತೆರೆದುಕೊಳ್ಳುತ್ತಿತ್ತು. ಕೈಗಳು ತಮ್ಮ ಪಾಡಿಗೆ ತಾವು ಏಳುತ್ತ ಬೀಳುತ್ತ ಇರುತ್ತಿದ್ದವು, ಅವನು ಅಲ್ಲಿಂದ ಎದ್ದು ಹೋಗಿರುತ್ತಿದ್ದ. ಒಂದು ಪೆಟ್ಟಿಗೂ ಮತ್ತೊಂದಕ್ಕೂ ನಡುವಿನ ಜಾಗ ಬರಬರುತ್ತ ಅಗಲವಾಗಿ, ಒಳಗೆ ಹೋಗಿ ಕೂರಬಹುದಾದಷ್ಟು ದೊಡ್ಡದಾಗುತ್ತಿತ್ತು. ಹಾಗೆ ಕೂತಾಗ ಒಮ್ಮೆ ಅವಳನ್ನು ಮೊದಲು ಕಂಡ ಸಂಜೆ ಬಂತು. ತುತ್ತೂರಿಯವನ ಕನ್ನಡಕ ರಿಪೇರಿ ಮಾಡಿ ಕೊಡಲೆಂದು ನೃತ್ಯಶಾಲೆಗೆ ಹೋದವನು ವೇದಿಕೆಯ ಪಕ್ಕದಲ್ಲೇ ನಿಂತುಬಿಟ್ಟಿದ್ದ. ಡ್ರಮ್ಮಿನ ಹಿಂದೆ ಕೂತ ಹುಡುಗಿಗೆ ಕೈಗಳೇ ಇರಲಿಲ್ಲ. ಕೈ ಇರಬೇಕಾದಲ್ಲಿ ಸಾಣೆಚಕ್ರ ಜೋರಾಗಿ ತಿರುಗುವಾಗ ನಿಂತಂತೆ ಕಾಣುವುದಲ್ಲ, ಅಂಥ ಒಂದು ಮಸುಕು ಮಾತ್ರ ಇತ್ತು. ಅವಳ ಮುಖ ಮಾತ್ರ ಕಿಟಕಿಯಾಚೆ ಏನೋ ನೋಡುತ್ತಿರುವವಳಂತೆ ಶಾಂತವಾಗಿತ್ತು. ಅವನು ಕನ್ನಡಕ ಕೊಡುವುದನ್ನು ಮರೆತು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದಿದ್ದ. ಆ ಸಂಜೆ ತುತ್ತೂರಿಯವನು ಸ್ವರದ ಹಾಳೆ ಕಾಣದೆ ಊದಿದನಂತೆ.

ಕೆಳಗಿನ ಮನೆಯಲ್ಲಿ ಒಬ್ಬ ಟೀಚರಮ್ಮ ಇದ್ದರು. ಮೂವತ್ತೈದು ವರ್ಷ ಟೈಪಿಂಗ್ ಕಲಿಸಿ ನಿವೃತ್ತರಾದವರು. ಒಂದು ದಿನ ಅವರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿಗೆ ಎರಡು ಸಲ ಕುಟ್ಟಿದರು. ಮರುದಿನವೂ ಕುಟ್ಟಿದರು. ಸದ್ದಿನಿಂದ ತೊಂದರೆಯಾಯಿತೇನೋ ಎಂದು ಅವನು ಕ್ಷಮೆ ಕೇಳಲು ಇಳಿದುಹೋದ. ಟೀಚರಮ್ಮ ಬಾಗಿಲಲ್ಲೇ ನಿಲ್ಲಿಸಿಕೊಂಡು, ಸದ್ದು ಬೇಕಾದಷ್ಟು ಮಾಡಿಕೊಳ್ಳಿ, ನಿಮ್ಮ ಹೆಂಡತಿ ಇಷ್ಟು ವರ್ಷ ಮಾಡಿಲ್ಲವೇ ಎಂದರು.

"ಮತ್ತೆ ಕುಟ್ಟಿದ್ದು?"

"ಎಡಗೈ ತಡವಾಗಿ ಬರ್ತಿದೆಯಪ್ಪ. ಒಂದು ಬರುತ್ತೆ, ಇನ್ನೊಂದು ಯಾವಾಗ ಬರುತ್ತೋ ಅಂತ ನಾನು ಊಟ ಬಿಟ್ಟು ಕಾಯಬೇಕು."

ನೂರಾರು ಬೆರಳುಗಳ ಸದ್ದನ್ನು ಕಿವಿಯಿಂದಲೇ ತಿದ್ದಿದ ಹೆಂಗಸು. ಸೋಮಾರಿ ಬೆರಳಿಗೆ ಹೆಚ್ಚು ಕೆಲಸ ಕೊಡಬೇಕು, ಯಾವಾಗಲೂ ಅದರಿಂದಲೇ ಶುರುಮಾಡಬೇಕು ಎಂಬುದು ಅವರ ಮತ. ಅವನು ಮೇಲೆ ಬಂದು ಹೆಂಡತಿಗೆ ಹೇಳಿದ. ಅವಳು ಮೊದಲು ಮುಖ ಊದಿಸಿದಳು, ಆಮೇಲೆ ಒಪ್ಪಿದಳು. ಆವತ್ತಿನಿಂದ ಎಡಗೈ ಮುಂದಾಳು. ಎಡಕ್ಕೆ ಎರಡು ಪೆಟ್ಟು, ಬಲಕ್ಕೆ ಒಂದು. ಅದು ಸಾಲದೆಂಬಂತೆ ಅವಳು ದಿಂಬೊಂದನ್ನು ತಂದು ಅವನ ತೊಡೆಯ ಮೇಲಿಟ್ಟಳು. ದಿಂಬಿನ ಮೇಲೆ ಕೋಲು ಪುಟಿಯುವುದಿಲ್ಲ, ಪ್ರತಿ ಪೆಟ್ಟನ್ನೂ ಮಣಿಕಟ್ಟೇ ಎತ್ತಬೇಕು. ಹತ್ತು ನಿಮಿಷ ಹಾಗೆ ದುಡಿದು ಮತ್ತೆ ಪ್ಯಾಡಿಗೆ ಬಂದರೆ ಕೋಲುಗಳು ಶಾಲೆ ಬಿಟ್ಟ ಮಕ್ಕಳಂತೆ ಹಾರುತ್ತಿದ್ದವು.

ದಿಂಬಿನ ಪಾಠದ ದಿನವೇ ಅದು ನಡೆದದ್ದು. ಮಣಿಕಟ್ಟು ಹೇಗೆ ಮಡಚಬೇಕೆಂದು ತೋರಿಸುವ ಭರದಲ್ಲಿ ಅವಳು ಅವನ ಕೈಯಿಂದ ಕೋಲು ಕಿತ್ತುಕೊಂಡಳು. ಕಿತ್ತುಕೊಂಡದ್ದು ಬಲಗೈಯಲ್ಲಿ. ಎರಡು ಪೆಟ್ಟು ಸರಿಯಾಗಿ ಬಿದ್ದವು. ಮೂರನೆಯದಕ್ಕೆ ಹೆಬ್ಬೆರಳು ಸೋತು ಕೋಲು ನೆಲಕ್ಕೆ ಉರುಳಿ ಕಪಾಟಿನ ಕೆಳಗೆ ಹೋಯಿತು. ಅವನು ಬಗ್ಗಿ ಅದನ್ನು ಹೊರತೆಗೆದು, ಧೂಳು ಒರೆಸಿ, ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅವಳು ಪರದೆ ಸರಿಪಡಿಸಿ ಹೊರಟುಹೋದಳು.

ಮರುದಿನ ಅವನು ಹೋಗಿ ನೋಡಿದರೆ ಪ್ಯಾಡಿನ ಆಚೆ ಬದಿಗೆ ಇನ್ನೊಂದು ಸ್ಟೂಲಿತ್ತು. ಅದರ ಮೇಲೆ ಅವಳು ಕೂತಿದ್ದಳು, ಕೈಯಲ್ಲಿ ಕೋಲು. ಮೆಟ್ರೊನೋಮಿಗೆ ಕೀಲಿ ಕೊಟ್ಟು, "ಅರವತ್ತು," ಎಂದಳಷ್ಟೆ.

ಹೀಗೆ ಅವರ ಬೆಳಗುಗಳು ಮತ್ತೆ ಸದ್ದಾದವು. ಒಂದೇ ಪ್ಯಾಡು, ಎರಡು ಜೊತೆ ಕೋಲು, ಎದುರುಬದುರು. ಅವನ ಎಡಗೈಗೆ ಅವಳ ಬಲಗೈ ಕನ್ನಡಿ. ಎರಡೂ ಕುಂಟುವ ಕೈಗಳು ಒಂದನ್ನೊಂದು ನೋಡಿಕೊಂಡು ಏಳುತ್ತಿದ್ದವು, ಒಂದನ್ನೊಂದು ಕಾಯುತ್ತಿದ್ದವು. ಟಿಕ್ಕಿಗೆ ಒಂದು ಪೆಟ್ಟು ನಯವಾದ ಮೇಲೆ ಎರಡು, ಎರಡಾದ ಮೇಲೆ ನಾಲ್ಕು. ತಪ್ಪಿಲ್ಲದೆ ಒಂದು ವಾರ ಕಳೆದರೆ ಬಿಲ್ಲೆ ಒಂದೇ ಗೆರೆ ಕೆಳಗೆ, ತಪ್ಪಿದರೆ ಮತ್ತೆ ಮೇಲಕ್ಕೆ. ಹಣ್ಣಾಗುವವರೆಗೆ ಕಾಯಿ ಕೀಳಬಾರದು ಎನ್ನುತ್ತಿದ್ದಳು. ಚಳಿ ಹೋಗಿ ಸೆಕೆ ಬಂತು, ಸೆಕೆ ಹೋಗಿ ಮತ್ತೆ ಚಳಿ ಬಂತು. ಪರದೆಯ ಬೆಳಕು ಗೋಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದು ವಾಪಸಾಯಿತು. ತಾನು ಯಾವಾಗ ವೇಗವಾದೆನೆಂದು ಅವನಿಗೆ ತಿಳಿಯಲೇ ಇಲ್ಲ. ಮಣಿಕಟ್ಟಿನ ಕೆಲಸವನ್ನು ಯಾವುದೋ ಒಂದು ದಿನ ಬೆರಳುಗಳು ತಾವಾಗಿ ವಹಿಸಿಕೊಂಡಿದ್ದವು.

ತಿಳಿದದ್ದು ಬೇರೆ. ನಿಮಿಷಕ್ಕೆ ಎಂಬತ್ತಕ್ಕೆ ಬಂದ ಮೇಲೆ ಅವಳ ಬಲಗೈ ನಿಂತುಬಿಟ್ಟಿತು. ಎಷ್ಟು ವಾರವಾದರೂ ಬಿಲ್ಲೆ ಅಲ್ಲಿಂದ ಜರುಗಲಿಲ್ಲ. ಅವನ ಕೈಗಳೋ ಎಳೆಯ ಕರುವಿನಂತೆ ಹಗ್ಗ ಜಗ್ಗುತ್ತಿದ್ದವು. ಸಂಜೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ರಟ್ಟಿನ ಡಬ್ಬದ ಮೇಲೆ ಎರಡು ಪೆನ್ಸಿಲು ಹಿಡಿದು, ಗಡಿಯಾರದ ಸೆಕೆಂಡಿನ ಮುಳ್ಳಿಗೆ ಎಣಿಸಿಕೊಂಡು ಬಾರಿಸಿ ನೋಡಿದ, ನೂರ ಹನ್ನೆರಡರವರೆಗೂ ಸಲೀಸಾಗಿ ಹೋಯಿತು. ಅವನಿಗೆ ಖುಷಿಗಿಂತ ಕಳ್ಳತನ ಮಾಡಿದ ಹಾಗಾಯಿತು. ಬೆಳಗ್ಗೆ ಅವಳೆದುರು ಎಂಬತ್ತರಲ್ಲೇ ಎಡವತೊಡಗಿದ. ಆಗಾಗ ಒಂದು ಪೆಟ್ಟು ಬೇಕೆಂದೇ ಬಿಟ್ಟು, ಅಯ್ಯೋ ಮತ್ತೆ ತಪ್ಪಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದ.

ಇಪ್ಪತ್ತಾರು ವರ್ಷಕ್ಕೂ ಮಿಕ್ಕಿ ಬ್ಯಾಂಡಿನಲ್ಲಿ ಕೂತವಳ ಕಿವಿಗೆ ಮಣ್ಣೆರಚಲಾದೀತೇ? ನಾಲ್ಕನೆಯ ದಿನ ಅವಳು ಮೆಟ್ರೊನೋಮಿನ ಕಡ್ಡಿಯನ್ನು ಬೆರಳಿಂದ ಹಿಡಿದು ನಿಲ್ಲಿಸಿದಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ತಪ್ಪುವವರ ತಪ್ಪು ಒಂದೊಂದು ದಿನ ಒಂದೊಂದು ಥರ ಇರುತ್ತೆ. ನಿಮ್ಮದು ದಿನಾ ಒಂದೇ ಜಾಗದಲ್ಲಿ ಬೀಳ್ತಿದೆ." ಅವಳ ದನಿ ಏರಲಿಲ್ಲ. "ನನ್ನ ಕೈ ಮುರಿದಿದೆ, ಸರಿ. ಅದಕ್ಕೆ ನೀವು ನಿಮ್ಮದನ್ನೂ ಮುರ್ಕೊಂಡು ಕೂತರೆ ಈ ಮನೇಲಿ ಬಾರಿಸೋರು ಯಾರು?"

ನೊಂದುಕೊಳ್ಳುತ್ತೀಯೆಂದು ಹಾಗೆ ಮಾಡಿದೆ ಎಂದರೆ ಇನ್ನಷ್ಟು ನೋಯಿಸಿದಂತೆ, ಸುಮ್ಮನಿದ್ದರೂ ಹಾಗೇ. ಎರಡು ದಿನ ಅವಳು ಕೋಣೆಗೆ ಬರಲಿಲ್ಲ. ಅವನೂ ಬಾರಿಸಲಿಲ್ಲ. ಕೆಳಗಿನಿಂದ ಟೀಚರಮ್ಮ ಪೊರಕೆಯಿಂದ ಒಮ್ಮೆ, ಪ್ರಶ್ನೆ ಕೇಳುವಂತೆ, ಕುಟ್ಟಿ ಸುಮ್ಮನಾದರು.

ಮೂರನೆಯ ಬೆಳಗ್ಗೆ ಅವಳೇ ಬಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಬಿಲ್ಲೆಯನ್ನು ನೂರ ಹನ್ನೆರಡಕ್ಕೆ ಇಳಿಸಿದಳು. ಆ ಅಂಕಿ ಅವಳಿಗೆ ಹೇಗೆ ಗೊತ್ತಾಯಿತೋ ಅವನು ಕೇಳಲಿಲ್ಲ. ಹಿಂದೆ ನಿಂತು ಎರಡೂ ಅಂಗೈಗಳನ್ನು ಅವನ ಬೆನ್ನಿಗೆ ಒತ್ತಿ, ಬಾರಿಸಿ ಎಂದಳು. ಅವನು ಬಾರಿಸಿದ. ಎರಡು ನಿಮಿಷದಲ್ಲಿ ಮುಂಗೈ ಬಿಗಿಯಿತು.

"ಉಸಿರು," ಎಂದಳು. "ಉಸಿರು ಹಿಡ್ಕೊಂಡಿದೀರಿ. ಬಿಡಿ."

ಅವನು ಬಿಟ್ಟ. ಬಿಟ್ಟೊಡನೆ ಭುಜ ಇಳಿಯಿತು, ಭುಜದ ಹಿಂದೆ ಮೊಣಕೈ, ಮೊಣಕೈಯ ಹಿಂದೆ ಬೆರಳು. ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ದಾರವಾದವು. ಬೆನ್ನ ಮೇಲಿನ ಎರಡು ಅಂಗೈಗಳಲ್ಲಿ ಯಾವುದು ಮುರಿದದ್ದು, ಯಾವುದು ನೆಟ್ಟಗಿರುವುದು ಎಂದು ಅವನಿಗೆ ಗೊತ್ತಾಗಲಿಲ್ಲ. ಕೋಣೆ ಕರಗಿತು. ಹಳದಿ ಬೆಳಕು, ದಾರ, ಎರಡು ಬಿಸಿ ಅಂಗೈ, ಇಷ್ಟೇ ಉಳಿಯಿತು. ಮೆಟ್ರೊನೋಮಿನ ಕೀಲಿ ಮುಗಿದು ಕಡ್ಡಿ ನಿಂತ ಮೇಲೂ ಅವನು ಬಾರಿಸುತ್ತಲೇ ಇದ್ದ. ನಿಲ್ಲಿಸಿ ತಿರುಗಿದಾಗ ಅವಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಕೊನೇಲಿ ಎಡಗೈ ಇನ್ನೂ ಸ್ವಲ್ಪ ಎಳೀತಿದೆ," ಎಂದಳು. ಮುಖದಲ್ಲಿ ಮಾತ್ರ ಬೇರೇನೋ ಇತ್ತು.

ಆಮೇಲೆ ಅವಳು ಕಪಾಟಿನ ತಳದಲ್ಲಿ ಕೈಯಾಡಿಸಿ ಒಂದು ಜೊತೆ ತಂತಿಯ ಬ್ರಷ್ಷು ಹೊರಗೆ ತೆಗೆದಳು. ಡ್ರಮ್ಮಿನ ಚರ್ಮವನ್ನು ಸವರಿ ಸದ್ದು ತೆಗೆಯುವ ಬ್ರಷ್ಷುಗಳು ಅವು. ವಯಸ್ಸಿನಲ್ಲಿ ಅವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ನೆಲ ಗುಡಿಸಿದಂತೆ ಎನ್ನುತ್ತಿದ್ದಳು. ಮೂಲೆಯಲ್ಲಿದ್ದ ಡ್ರಮ್ಮಿನ ಹೊದಿಕೆ ತೆಗೆದು, ಬಲಗೈಯ ಬ್ರಷ್ಷನ್ನು ಅದರ ಮೇಲೆ ಮೆಲ್ಲಗೆ ಸುತ್ತಿಸಿದಳು. ಎತ್ತುವ ಗೊಡವೆಯಿಲ್ಲ, ಜಾರಿಸಿದರೆ ಸಾಕು. ದೂರದಲ್ಲೆಲ್ಲೋ ಯಾರೋ ರೇಷ್ಮೆ ಬಟ್ಟೆ ಮಡಿಸುತ್ತಿರುವಂಥ ಸದ್ದು ಬಂತು. ಎಡಗೈಯಿಂದ ಅಲ್ಲೊಂದು ಇಲ್ಲೊಂದು ಹನಿ ಉದುರಿಸಿದಳು. ಅಂದು ಅಂಗಡಿ ತೆರೆದಾಗ ಹನ್ನೊಂದು ಗಂಟೆ ದಾಟಿತ್ತು.

ಮುಂದಿನ ತಿಂಗಳು ಬ್ಯಾಂಡಿನ ಮೇಷ್ಟ್ರು ಮನೆಗೆ ಬಂದರು. ಎಲ್ಲರನ್ನೂ ಗದರುವ, ಒಳಗೆ ಬೆಣ್ಣೆಯಂಥ ಮುದುಕ. ಅವಳ ಜಾಗಕ್ಕೆ ಬಂದಿದ್ದವನು ಮಹಾ ಚುರುಕಂತೆ. ಎಲ್ಲ ಹಾಡನ್ನೂ ಓಡಿಸಿ, ಕುಣಿಯುವವರು ಗೋಡೆ ಹಿಡಿದು ಏದುಸಿರು ಬಿಡುವಂತೆ ಮಾಡಿ, ಈಗ ದೊಡ್ಡ ಬ್ಯಾಂಡೊಂದಕ್ಕೆ ಹೊರಟಿದ್ದಾನಂತೆ. ಅವಳು ಮತ್ತೆ ಬರಬೇಕು ಎಂಬುದು ಅವರ ಮಾತಿನ ಸಾರ. ಅವಳು ಬ್ರಷ್ಷು ತಂದು ಬಾರಿಸಿ ತೋರಿಸಿದಳು. ಮೇಷ್ಟ್ರು ಚಹಾ ಆರುವವರೆಗೂ ಕೇಳಿದರು. ನಿಧಾನದ ಹಾಡುಗಳಿಗೆ ಬರುತ್ತೇನೆ, ಕೊನೆಯ ಎರಡು ಓಡುವ ಹಾಡುಗಳು ಇನ್ನು ನನ್ನಿಂದಾಗವು ಎಂದು ಅವಳು ಸ್ಪಷ್ಟವಾಗಿ ಹೇಳಿದಳು. ಹಾಗಾದರೆ ಆ ಎರಡು ಹಾಡಿಗೆ ಯಾರನ್ನು ತರಲಿ ಎಂದು ಮೇಷ್ಟ್ರು ಕೇಳಿದ್ದಕ್ಕೆ ಅವಳು ಗಂಡನ ಕಡೆ ನೋಡಿದಳು.

ಕನ್ನಡಕದವನು ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಅಲ್ಲಿ ಗೋಡೆ ಇತ್ತು.

ಅವನು ಕೊಟ್ಟ ನೆಪಗಳು ಒಂದೆರಡಲ್ಲ. ವಯಸ್ಸು ಐವತ್ತೇಳು, ಜನರೆದುರು ಕೂತು ಅಭ್ಯಾಸವಿಲ್ಲ, ಅಂಗಡಿ ಬೇಗ ಮುಚ್ಚಬೇಕಾಗುತ್ತದೆ. ಅವಳು ಎಲ್ಲವನ್ನೂ ಕೇಳಿ, ಒಂದು ಹಾಡಾದರೂ ಬಾರಿಸಿ ನೋಡಿ, ಆಗದಿದ್ದರೆ ನಾನೇ ಬೇಡವೆನ್ನುತ್ತೇನೆ ಎಂದಳು. ಅವಳು ಸುಳ್ಳು ಹೊಗಳಿಕೆ ಹೇಳುವವಳಲ್ಲ ಎಂಬುದೊಂದೇ ಅವನಿಗೆ ಧೈರ್ಯ.

ಆ ಸಂಜೆ ನೃತ್ಯಶಾಲೆಯಲ್ಲಿ ಬಿಸಿಲು ಇನ್ನೂ ಎತ್ತರದ ಕಿಟಕಿಗಳಲ್ಲಿತ್ತು. ಏಳು ಹಾಡು ಅವಳು ಬಾರಿಸಿದಳು. ರೇಷ್ಮೆ ಮಡಿಸುವ ಆ ಸದ್ದಿನ ಮೇಲೆ ಜೋಡಿಗಳು ಕನಸಿನಲ್ಲಿ ನಡೆಯುವವರಂತೆ ತೇಲಿದವು. ಎಂಟನೆಯದಕ್ಕೆ ಅವಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಅವನು ಕೂತ. ಮೇಷ್ಟ್ರು ನಾಲ್ಕು ಎಣಿಸಿದರು.

ಮೊದಲ ಚರಣ ಹೇಗೆ ಹೋಯಿತೋ ಅವನಿಗೆ ನೆನಪಿಲ್ಲ. ಎರಡನೆಯದರಲ್ಲಿ ಬೆವರಿಗೆ ಕನ್ನಡಕ ಮೂಗಿನ ಮೇಲೆ ಜಾರತೊಡಗಿತು. ಊರಿನವರ ಕನ್ನಡಕದ ತಿರುಪನ್ನೆಲ್ಲ ಬಿಗಿಮಾಡುವವನು ತನ್ನದನ್ನು ಯಾವತ್ತು ನೋಡಿಕೊಂಡಿದ್ದ? ಅದು ಜಾರಿ, ಮೊಣಕಾಲಿಗೆ ಬಡಿದು, ಎಲ್ಲೋ ಬಿತ್ತು. ದೀಪಗಳು ಹಿಗ್ಗಿ ದೊಡ್ಡ ದೊಡ್ಡ ಹೂವಾದವು. ಕುಣಿಯುವವರ ಮುಖ ಅಳಿಸಿಹೋಗಿ ಬರೀ ಬಣ್ಣಗಳು ಸುತ್ತಿದವು. ಹೆದರಿಕೆಗೆ ಕೈ ಬಿಗಿಯಲು ಹೊರಟಿತು.

"ಉಸಿರು," ಎಂದು ಪಕ್ಕದಿಂದ ಕೇಳಿಸಿತು.

ಅವನು ಉಸಿರು ಬಿಟ್ಟ, ಬಿಗಿಯೂ ಅದರೊಂದಿಗೆ ಹೋಯಿತು. ಮುಂದೆ ಅವನು ಮಾಡಬೇಕಾದದ್ದೇನೂ ಉಳಿದಿರಲಿಲ್ಲ. ಕೋಲುಗಳು ಬೀಳುತ್ತಿದ್ದವು, ಏಳುತ್ತಿದ್ದವು. ಬಣ್ಣಗಳ ನಡುವೆ ಅವನು ಒಬ್ಬನೇ ಕೂತು ಆ ಓಟದ ಒಳಗಿನ ನೆಮ್ಮದಿಯನ್ನು ನೋಡುತ್ತಿದ್ದ. ಹಾಡು ಮುಗಿದದ್ದು ಚಪ್ಪಾಳೆಯಿಂದಲೇ ಅವನಿಗೆ ಗೊತ್ತಾಯಿತು.

ತುತ್ತೂರಿಯವನು ಕನ್ನಡಕ ಹುಡುಕಿಕೊಟ್ಟ. ಒಂದು ಗಾಜು ಸೀಳಿತ್ತು.

ಮನೆಗೆ ಹೋಗಲು ಬಸ್ಸು ಕಾಯುತ್ತ ಇಬ್ಬರೂ ನಿಲ್ದಾಣದ ಬೆಂಚಿನ ಮೇಲೆ ಕೂತರು. ಬೀದಿದೀಪಗಳು ಆಗ ತಾನೇ ಹತ್ತಿಕೊಳ್ಳುತ್ತಿದ್ದವು. ಅವನು, ಹೇಗಿತ್ತು ಎಂದು ಕೇಳಿದ. ಮೂರನೆಯ ಚರಣದಲ್ಲಿ ಓಡಿದಿರಿ, ಮೇಷ್ಟ್ರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು ಎಂದಳು. ಮುಂದಿನ ವಾರ ಎರಡನ್ನೂ ನೀವೇ ಬಾರಿಸಿ ಎಂದೂ ಸೇರಿಸಿದಳು. ಅವನು ಸೀಳಿದ ಗಾಜಿನ ಮೂಲಕ ಅವಳನ್ನು ನೋಡಿದ. ಇಬ್ಬರು ಹೆಂಡತಿಯರು ಕಂಡರು, ಇಬ್ಬರೂ ಸಣ್ಣಗೆ ನಗುತ್ತಿದ್ದರು.

ಬಸ್ಸೊಂದು ಬಂದು, ಬಾಗಿಲು ತೆರೆದು, ಕಾದು, ಹೊರಟುಹೋಯಿತು. ಅವಳ ಬಲಗೈ ಬೆಂಚಿನ ಮರದ ಮೇಲೆ ಮೆಲ್ಲಗೆ ಸುತ್ತು ಹಾಕುತ್ತಿತ್ತು. ಎರಡನೆಯ ಬಸ್ಸೂ ಹೋಯಿತು. ಏಳೋಣವೇ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಮೂರನೆಯದು ಬಂದಾಗ ಕಂಡಕ್ಟರನೇ ಇಳಿದು, ಬರುತ್ತೀರೋ ಇಲ್ಲವೋ ಎಂದು ವಿಚಾರಿಸಿ ಹತ್ತಿಸಿಕೊಂಡ.